ಕಠಿಣ ಕ್ರಮಗಳಿಂದ ಅಪರಾಧ ನಿಜಕ್ಕೂ ಇಳಿಯುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಸುತ್ತುಬಳಸದೆ ಹೇಳಿ: ಶಿಕ್ಷೆ ಬಿಗಿಗೊಳಿಸಿದರೆ ಅಪರಾಧ ಕಡಿಮೆಯಾಗುತ್ತದೆಯೇ, ಇಲ್ಲವೇ?

ಸಿಕ್ಕಿಬೀಳುವ ಭಯ ಹೆಚ್ಚಿದರೆ ಕಡಿಮೆಯಾಗುತ್ತದೆ. ಸಿಕ್ಕಿಬಿದ್ದ ಮೇಲೆ ಕಳೆಯಬೇಕಾದ ವರ್ಷಗಳನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದರೆ ಸಿಗುವ ಲಾಭ ಅತ್ಯಲ್ಪ, ಕೆಲವೊಮ್ಮೆ ಶೂನ್ಯ. ಇವೆರಡೂ ಬೇರೆ ಬೇರೆ ಕೆಲಸಗಳು. ಮೊದಲನೆಯದಕ್ಕೆ ತನಿಖಾಧಿಕಾರಿ, ಪ್ರಯೋಗಾಲಯ, ಸಾಕ್ಷಿಗೆ ರಕ್ಷಣೆ, ತಡಮಾಡದ ನ್ಯಾಯಾಲಯ ಬೇಕು. ಎರಡನೆಯದಕ್ಕೆ ಶಾಸನಸಭೆಯಲ್ಲಿ ಒಂದು ಮಧ್ಯಾಹ್ನ ಸಾಕು. ಎರಡನೆಯದೇ ಹೆಚ್ಚಾಗಿ ನಡೆಯುವುದು ಈ ಕಾರಣಕ್ಕೆ ಎಂದು ನನಗೆ ಅನ್ನಿಸುತ್ತದೆ.

'ಕಠಿಣ ಕ್ರಮ' ಎಂದಾಗ ನೀವು ಯಾವುದನ್ನೆಲ್ಲ ಸೇರಿಸುತ್ತೀರಿ?

ದೀರ್ಘ ಸೆರೆವಾಸ, ನ್ಯಾಯಾಧೀಶರ ವಿವೇಚನೆಗೆ ಅವಕಾಶ ಕೊಡದ ಕಡ್ಡಾಯ ಕನಿಷ್ಠ ಶಿಕ್ಷೆ, ಮರಣದಂಡನೆ, ಜಾಮೀನು ನಿರಾಕರಣೆ, ಬಾಲಕರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸುವುದು, ಸಾಮೂಹಿಕ ಬಂಧನ, ಬೀದಿಯಲ್ಲಿ ತಡೆದು ತಪಾಸಣೆ, ಪೊಲೀಸರ ಸಂಖ್ಯೆ ಹೆಚ್ಚಿಸುವುದು. ಇವೆಲ್ಲಕ್ಕೂ ಒಂದೇ ಹಣೆಪಟ್ಟಿ ಅಂಟಿಸಿ 'ಪರವೋ ವಿರೋಧವೋ' ಎಂದು ಕೇಳುವುದರಿಂದಲೇ ಈ ಚರ್ಚೆ ಹಾಳಾಗಿದೆ. ಕೊನೆಯದು ಅಪರಾಧವನ್ನು ಇಳಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಬಾಲಕರ ವಿಷಯದಲ್ಲಿ ಪುರಾವೆ ತಿರುಗುಮುರುಗಾಗಿದೆ.

ಶಿಕ್ಷೆ ದೊಡ್ಡದಾದಷ್ಟೂ ಭಯವೂ ದೊಡ್ಡದಾಗಬೇಕಲ್ಲವೇ? ಇದು ಸಾಮಾನ್ಯ ಜ್ಞಾನವಲ್ಲವೇ?

ಕೂತು ಲೆಕ್ಕ ಹಾಕುವವನಿಗೆ ಹಾಗೆ ಅನ್ನಿಸುತ್ತದೆ. ಆದರೆ ಅಪರಾಧ ಮಾಡುವವರಲ್ಲಿ ಹೆಚ್ಚಿನವರು ಹದಿಹರೆಯದ ಕೊನೆಯಲ್ಲಿರುವವರು, ಇಪ್ಪತ್ತರ ಆಸುಪಾಸಿನವರು. ಹಲವರು ಕುಡಿದಿರುತ್ತಾರೆ, ಸಿಟ್ಟಿನಲ್ಲಿರುತ್ತಾರೆ, ಇಲ್ಲವೇ ಜೊತೆಗಾರರ ಮುಂದೆ ಮುಖ ಉಳಿಸಿಕೊಳ್ಳುವ ಹಟದಲ್ಲಿರುತ್ತಾರೆ. ಯಾವ ಕಲಮಿಗೆ ಎಷ್ಟು ವರ್ಷ ಎಂಬುದು ಅವರಿಗೆ ಗೊತ್ತಿರುವುದಿಲ್ಲ, ನಮ್ಮಲ್ಲಿ ಬಹುತೇಕರಿಗೂ ಗೊತ್ತಿಲ್ಲ. ಆ ಕ್ಷಣದಲ್ಲಿ ತಲೆಯಲ್ಲಿ ಓಡುವ ಪ್ರಶ್ನೆ ಒಂದೇ: ಯಾರಾದರೂ ನೋಡುತ್ತಿದ್ದಾರೆಯೇ? ಸಿಕ್ಕಿಬಿದ್ದವನೇ ಕಳ್ಳ ಎಂಬ ಮಾತು ಕಳ್ಳನಿಗೂ ಗೊತ್ತು.

ಇದನ್ನು ಇಟಲಿಯ ಚಿಂತಕ ಚೆಸಾರೆ ಬೆಕಾರಿಯಾ 1764ರಲ್ಲೇ ಬರೆದಿದ್ದ. ಅಪರಾಧವನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಬರುತ್ತದೆ ಎಂಬ ಖಾತರಿ ಎಂಬುದು ಅವನ ವಾದ. ಅದೇ ಶತಮಾನದ ಇಂಗ್ಲೆಂಡ್ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗಿ ಪಾಠ ಕಲಿಯಿತು. ಅಲ್ಲಿ ಗಲ್ಲುಶಿಕ್ಷೆಗೆ ಅರ್ಹವಾದ ಅಪರಾಧಗಳ ಸಂಖ್ಯೆ 200 ದಾಟಿತ್ತು. ಮನೆಯೊಂದರಿಂದ 40 ಶಿಲ್ಲಿಂಗ್ ಬೆಲೆಯ ವಸ್ತು ಕದ್ದರೂ ನೇಣು. ಪರಿಣಾಮ ಏನಾಯಿತು? ಮನಸ್ಸಾಕ್ಷಿ ಇದ್ದ ಜ್ಯೂರಿಗಳು, ಅಂದರೆ ತೀರ್ಪು ಹೇಳಲು ಕೂರಿಸಿದ ನಾಗರಿಕರು, ಕದ್ದ ಮಾಲಿನ ಬೆಲೆಯನ್ನು 39 ಶಿಲ್ಲಿಂಗ್ ಎಂದು ಬರೆಯತೊಡಗಿದರು. ಒಂದು ಪ್ರಾಣ ಹೋದೀತೆಂಬ ಅಳುಕಿನಿಂದ ಕಳೆದುಕೊಂಡವರೇ ದೂರು ಕೊಡಲು ಹಿಂಜರಿದರು. ಕಾನೂನು ಕ್ರೂರವಾದಷ್ಟೂ ಅದನ್ನು ಜಾರಿಗೊಳಿಸುವ ಕೈ ನಡುಗಿತು. ಜೇಬುಗಳ್ಳತನಕ್ಕಿದ್ದ ಗಲ್ಲುಶಿಕ್ಷೆಯನ್ನು ಸಂಸದ ಸ್ಯಾಮ್ಯುಯೆಲ್ ರೊಮಿಲಿ 1808ರಲ್ಲಿ ತೆಗೆಸಿದ ಮೇಲೆ ಆ ಅಪರಾಧಕ್ಕೆ ದಾಖಲಾಗುವ ಮೊಕದ್ದಮೆಗಳು ಹೆಚ್ಚಿದವು.

ಇತ್ತೀಚಿನ ಪುರಾವೆಯೂ ಇದೆ. ಡೆನ್ಮಾರ್ಕ್ 2005ರಲ್ಲಿ ಆರೋಪಿಗಳ ಡಿಎನ್ಎ ದಾಖಲೆಯನ್ನು ಬಹಳ ವಿಸ್ತರಿಸಿತು. ಶಿಕ್ಷೆಯ ಅವಧಿ ಒಂದು ದಿನವೂ ಬದಲಾಗಲಿಲ್ಲ, ಬದಲಾದದ್ದು ಮುಂದಿನ ಬಾರಿ ಸಿಕ್ಕಿಬೀಳುವ ಸಾಧ್ಯತೆ ಮಾತ್ರ. ಹಾಗೆ ದಾಖಲಾದವರು ಮುಂದಿನ ಒಂದು ವರ್ಷದಲ್ಲಿ ಮತ್ತೆ ಅಪರಾಧ ಮಾಡುವುದು ಶೇ 42ರವರೆಗೆ ಇಳಿಯಿತು ಎಂದು ಸಂಶೋಧಕರು ಕಂಡುಕೊಂಡರು.

ಅಪರಾಧಿ ಒಳಗಿದ್ದರೆ ಹೊರಗೆ ಅಪರಾಧ ಮಾಡಲು ಸಾಧ್ಯವಿಲ್ಲ. ಅಷ್ಟು ಸಾಲದೇ?

ಈ ವಾದದಲ್ಲಿ ಹುರುಳಿದೆ. ಅದನ್ನು ತಳ್ಳಿಹಾಕುವವರು ಪ್ರಾಮಾಣಿಕರಲ್ಲ. ಇಟಲಿ 2006ರಲ್ಲಿ ಜೈಲುಗಳ ಒತ್ತಡ ತಾಳಲಾರದೆ ಸಾಮೂಹಿಕ ಕ್ಷಮೆ ಕೊಟ್ಟು 20,000ಕ್ಕೂ ಹೆಚ್ಚು ಕೈದಿಗಳನ್ನು ಬಿಟ್ಟಿತು. ಅದರ ಬೆನ್ನಲ್ಲೇ ಅಪರಾಧ ಏರಿತು. ಜೈಲು ಕೆಲವರನ್ನು ತಡೆದಿಟ್ಟಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಈ ಲಾಭ ಬೇಗ ಸವೆಯುತ್ತದೆ. ಮೊದಲು ಒಳಗೆ ಹೋಗುವವರು ಅತ್ಯಂತ ಅಪಾಯಕಾರಿಗಳು. ಜೈಲುಗಳು ದೊಡ್ಡದಾದಂತೆ ಒಳಸೇರುವವರು ಸಣ್ಣಪುಟ್ಟ ತಪ್ಪಿನವರು, ಅವರನ್ನು ಹಿಡಿದಿಟ್ಟು ತಪ್ಪಿಸುವ ಅಪರಾಧವೂ ಸಣ್ಣದೇ. ಇನ್ನೊಂದು ಕಡೆ ವಯಸ್ಸು ತನ್ನ ಕೆಲಸ ಮಾಡುತ್ತಿರುತ್ತದೆ. ಇಪ್ಪತ್ತೆರಡರಲ್ಲಿ ಚಾಕು ಹಿಡಿದವನು ಐವತ್ತರಲ್ಲಿ ಹಿಡಿಯುವ ಸಾಧ್ಯತೆ ಬಹಳ ಕಡಿಮೆ, ಅವನನ್ನು ಅರವತ್ತೈದರವರೆಗೆ ಸಾಕುವ ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ಮಾದಕವಸ್ತು ಮಾರಾಟದಂಥ ದಂಧೆಯಲ್ಲಂತೂ ಬೀದಿಯ ಮಾರಾಟಗಾರನನ್ನು ಹಿಡಿದರೆ ಅವನ ಜಾಗಕ್ಕೆ ಇನ್ನೊಬ್ಬ ಹುಡುಗ ಬರುತ್ತಾನೆ. ಕೊಳ್ಳುವವರು ಇರುವವರೆಗೆ ಜಾಗ ಖಾಲಿ ಉಳಿಯುವುದಿಲ್ಲ.

ಇಟಲಿಯ ಪ್ರಸಂಗಕ್ಕೆ ಇನ್ನೊಂದು ಮುಖವೂ ಇದೆ. ಬಿಡುಗಡೆಯಾದವರಿಗೆ ಒಂದು ಷರತ್ತಿತ್ತು: ಐದು ವರ್ಷದೊಳಗೆ ಮತ್ತೆ ಗಂಭೀರ ಅಪರಾಧ ಮಾಡಿದರೆ ಬಾಕಿ ಉಳಿದ ಶಿಕ್ಷೆಯೂ ಹೊಸದಕ್ಕೆ ಸೇರುತ್ತದೆ. ಬಾಕಿ ಹೆಚ್ಚಿದ್ದವರು ಮತ್ತೆ ತಪ್ಪು ಮಾಡಿದ್ದು ಸ್ವಲ್ಪ ಕಡಿಮೆ. ಅಂದರೆ ಶಿಕ್ಷೆಯ ಅವಧಿಗೆ ಎಂದೂ ಬೆಲೆಯಿಲ್ಲ ಎಂದು ನಾನು ಹೇಳುತ್ತಿಲ್ಲ. ತನ್ನ ಮೇಲೆ ನೇರವಾಗಿ ತೂಗುತ್ತಿರುವ, ಲೆಕ್ಕ ತನಗೆ ಚೆನ್ನಾಗಿ ಗೊತ್ತಿರುವ ಶಿಕ್ಷೆ ಮನುಷ್ಯನನ್ನು ಕಾಡುತ್ತದೆ. ಪುಸ್ತಕದಲ್ಲಿರುವ ಶಿಕ್ಷೆ ಹಾಗೆ ಕಾಡುವುದಿಲ್ಲ.

ಅಮೆರಿಕ ಲಕ್ಷಾಂತರ ಜನರನ್ನು ಜೈಲಿಗೆ ಹಾಕಿತು, ಅಲ್ಲಿ ಅಪರಾಧ ಅರ್ಧಕ್ಕಿಳಿಯಿತು. ಇದಕ್ಕಿಂತ ಸಾಕ್ಷ್ಯ ಬೇಕೇ?

ಎರಡೂ ಸಂಗತಿ ನಿಜ. 1970ರ ದಶಕದ ಆರಂಭದಲ್ಲಿ ನಾಲ್ಕು ಲಕ್ಷದೊಳಗಿದ್ದ ಅಲ್ಲಿನ ಕೈದಿಗಳ ಸಂಖ್ಯೆ 2008ರ ಹೊತ್ತಿಗೆ ಸುಮಾರು 23 ಲಕ್ಷಕ್ಕೆ ಏರಿತ್ತು. ಲಕ್ಷ ಜನರಿಗೆ ಕೊಲೆಗಳ ಪ್ರಮಾಣ 1991ರಲ್ಲಿ 9.8 ಇದ್ದದ್ದು 2014ರಲ್ಲಿ ಅದರ ಅರ್ಧಕ್ಕಿಂತ ಕೆಳಗಿತ್ತು.

ಆದರೆ ಇಸವಿಗಳನ್ನು ಎದುರುಬದುರು ಇಟ್ಟು ನೋಡಿ. ಜೈಲುಗಳು ತುಂಬಲು ಆರಂಭಿಸಿದ್ದು 1970ರ ದಶಕದಲ್ಲಿ, ಆದರೂ ಕೊಲೆಗಳ ಪ್ರಮಾಣ 1980ರಲ್ಲಿ 10.2 ಮುಟ್ಟಿತು. ಇಪ್ಪತ್ತು ವರ್ಷ ಇಳಿಸದ ಔಷಧಿಗೆ ಇಪ್ಪತ್ತೊಂದನೆಯ ವರ್ಷದ ಇಳಿಕೆಯ ಪೂರ್ತಿ ಶ್ರೇಯ ಕೊಡುವುದು ಹೇಗೆ? ನೆರೆಯ ಕೆನಡಾದಲ್ಲೂ 1990ರ ದಶಕದಲ್ಲಿ ಅಪರಾಧ ಇಳಿಯಿತು, ಅಲ್ಲಿ ಜೈಲುಗಳು ಹೀಗೆ ಉಬ್ಬಿರಲಿಲ್ಲ. ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಕೊಲೆಗಳಾಗಿದ್ದವು, 2017ರಲ್ಲಿ 300ಕ್ಕೂ ಕಡಿಮೆ. ಆ ಅವಧಿಯ ದ್ವಿತೀಯಾರ್ಧದಲ್ಲಿ ನ್ಯೂಯಾರ್ಕ್ ರಾಜ್ಯದ ಸೆರೆಮನೆಗಳಲ್ಲಿದ್ದವರ ಸಂಖ್ಯೆ ಸುಮಾರು 72,000ದಿಂದ 50,000ದ ಆಸುಪಾಸಿಗೆ ಇಳಿಯಿತು. ಕೈದಿಗಳೂ ಕಡಿಮೆಯಾದರು, ಕೊಲೆಗಳೂ ಕಡಿಮೆಯಾದವು.

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2014ರಲ್ಲಿ ಎಲ್ಲ ಅಧ್ಯಯನಗಳನ್ನೂ ಜಾಲಾಡಿತು. ಜೈಲುಗಳ ಬೆಳವಣಿಗೆಯಿಂದ ಅಪರಾಧ ಸ್ವಲ್ಪ ಇಳಿದಿರಬಹುದು, ಆದರೆ ಆ ಇಳಿಕೆ ದೊಡ್ಡದಾಗಿರುವ ಸಂಭವ ಕಡಿಮೆ, ದೀರ್ಘ ಶಿಕ್ಷೆಗಳಿಂದ ಹುಟ್ಟುವ ಭಯವಂತೂ ಅಷ್ಟಕ್ಕಷ್ಟೇ ಎಂದು ಅದು ಹೇಳಿತು.

ಫಿನ್ಲೆಂಡಿನ ಅನುಭವ ಇದಕ್ಕೆ ಒಳ್ಳೆಯ ಜೋಡಿ. 1960ರ ದಶಕದಿಂದ 1990ರ ದಶಕದವರೆಗೆ ಆ ದೇಶ ತನ್ನ ಕೈದಿಗಳ ಪ್ರಮಾಣವನ್ನು ಉದ್ದೇಶಪೂರ್ವಕವಾಗಿ ಅರ್ಧಕ್ಕೂ ಕೆಳಗಿಳಿಸಿತು. ಅಲ್ಲಿನ ಅಪರಾಧದ ಏರಿಳಿತ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳ ಏರಿಳಿತದಂತೆಯೇ ಇತ್ತು.

ಮೂರನೇ ಬಾರಿ ತಪ್ಪು ಮಾಡಿದವನಿಗೆ ಜೀವಾವಧಿ ಎಂಬ ನಿಯಮ ಫಲ ಕೊಟ್ಟಿತೇ?

ಕ್ಯಾಲಿಫೋರ್ನಿಯಾ 1994ರಲ್ಲಿ ಇಂಥ ಕಾನೂನು ತಂದಿತು: ಮೂರನೇ ಅಪರಾಧಕ್ಕೆ ಕನಿಷ್ಠ 25 ವರ್ಷ, ಗರಿಷ್ಠ ಜೀವಾವಧಿ. ಈಗಾಗಲೇ ಎರಡು ಬಾರಿ ಶಿಕ್ಷೆಯಾಗಿದ್ದವರ ಬಂಧನಗಳು ಶೇ 17ರಿಂದ 20ರಷ್ಟು ಇಳಿದವು ಎಂದು ಒಂದು ಅಧ್ಯಯನ ತೋರಿಸಿತು. ಭಯ ಕೆಲಸ ಮಾಡಿದ್ದು ನಿಜ, ಆದರೆ ಅಂಥವರು ಒಟ್ಟು ಅಪರಾಧಿಗಳಲ್ಲಿ ಸಣ್ಣ ಪಾಲು. ಬೆಲೆ ಮಾತ್ರ ಭಾರಿ. ಮೂರು ಗಾಲ್ಫ್ ಕೋಲು ಕದ್ದವನೊಬ್ಬನಿಗೆ 25 ವರ್ಷದಿಂದ ಜೀವಾವಧಿಯ ಶಿಕ್ಷೆಯಾಯಿತು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2012ರಲ್ಲಿ ಅಲ್ಲಿನ ಮತದಾರರೇ ಆ ಕಾನೂನನ್ನು ಸಡಿಲಗೊಳಿಸಿ, ಮೂರನೆಯದು ಗಂಭೀರ ಅಥವಾ ಹಿಂಸಾತ್ಮಕ ಅಪರಾಧವಾಗಿರಬೇಕು ಎಂದು ಬದಲಿಸಿದರು.

ಎಲ್ ಸಾಲ್ವಡೋರ್‌ ಬಗ್ಗೆ ಏನು ಹೇಳುತ್ತೀರಿ? ಮಧ್ಯ ಅಮೆರಿಕದ ಆ ದೇಶ ತುರ್ತುಸ್ಥಿತಿ ಹೇರಿ ಗ್ಯಾಂಗುಗಳವರನ್ನು ಸಾಮೂಹಿಕವಾಗಿ ಬಂಧಿಸಿತು, ಅಲ್ಲಿ ಕಣ್ಣೆದುರೇ ಗೆಲುವು ಕಾಣುತ್ತಿದೆಯಲ್ಲ?

ಕಾಣುತ್ತಿದೆ, ಅದನ್ನು ಅಲ್ಲಗಳೆಯುವುದಿಲ್ಲ. 2015ರಲ್ಲಿ ಲಕ್ಷಕ್ಕೆ 100ಕ್ಕಿಂತ ಹೆಚ್ಚು ಕೊಲೆಗಳಾಗುತ್ತಿದ್ದ ದೇಶ ಅದು. 2024ರ ಅಧಿಕೃತ ಲೆಕ್ಕ 1.9. ಗ್ಯಾಂಗುಗಳಿಗೆ ಪ್ರತಿ ವಾರ ಹಫ್ತಾ ಕೊಡುತ್ತಿದ್ದ ಅಂಗಡಿಯವರು ಈಗ ಕೊಡಬೇಕಾಗಿಲ್ಲ, ಒಂದು ಬೀದಿಯಿಂದ ಇನ್ನೊಂದಕ್ಕೆ ದಾಟಲು ಹೆದರುತ್ತಿದ್ದವರು ಈಗ ದಾಟುತ್ತಾರೆ. ಆ ನೆಮ್ಮದಿಯನ್ನು ದೂರದಲ್ಲಿ ಕುಳಿತು ಹಗುರವಾಗಿ ಕಾಣುವ ಹಕ್ಕು ನನಗಿಲ್ಲ.

ಆದರೂ ಕೇಳಲೇಬೇಕಾದ ಸಂಗತಿಗಳಿವೆ. ಮೊದಲನೆಯದಾಗಿ, ಇದು ಅಲ್ಲಿನ ಮೊದಲ ಕಠಿಣ ಪ್ರಯೋಗವಲ್ಲ. 2003ರಲ್ಲಿ 'ಮಾನೊ ದುರಾ', ಅಂದರೆ ಗಡಸು ಕೈ, ಎಂಬ ಹೆಸರಿನಲ್ಲಿ, ಮರುವರ್ಷ ಅದರ ಇನ್ನೂ ಬಿಗಿಯಾದ ರೂಪದಲ್ಲಿ ಸಾವಿರಾರು ಜನರನ್ನು ಹಿಡಿದರು. ಗ್ಯಾಂಗುಗಳಿಗೆ ಪ್ರತ್ಯೇಕ ಜೈಲುಗಳನ್ನು ಕೊಟ್ಟರು. ಜೈಲೇ ಗ್ಯಾಂಗುಗಳ ಕೇಂದ್ರ ಕಚೇರಿಯಾಯಿತು, ಕೊಲೆಗಳು ಏರಿದವು. ಎರಡನೆಯದಾಗಿ, ಈಗಿನ ತುರ್ತುಸ್ಥಿತಿ ಜಾರಿಯಾದದ್ದು 2022ರ ಮಾರ್ಚ್‌ನಲ್ಲಿ, ಒಂದೇ ವಾರಾಂತ್ಯದಲ್ಲಿ 87 ಜನರ ಕೊಲೆಯಾದ ಮೇಲೆ. ಅದಕ್ಕೂ ಮೊದಲೇ, 2021ರಲ್ಲಿ ಪ್ರಮಾಣ 18ರ ಆಸುಪಾಸಿಗೆ ಇಳಿದಿತ್ತು. ಆ ಇಳಿಕೆಯ ಹಿಂದೆ ಗ್ಯಾಂಗುಗಳೊಂದಿಗಿನ ಗುಟ್ಟಿನ ಒಪ್ಪಂದವಿತ್ತೆಂದು ಆರೋಪಿಸಿ ಅಮೆರಿಕದ ಖಜಾನೆ ಇಲಾಖೆ 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಅಧಿಕಾರಿಗಳ ಮೇಲೆ ನಿರ್ಬಂಧ ಹೇರಿತು. ಸರ್ಕಾರ ಆ ಆರೋಪವನ್ನು ನಿರಾಕರಿಸಿದೆ.

ಮೂರನೆಯದು ಬೆಲೆ. ಸುಮಾರು 60 ಲಕ್ಷ ಜನರಿರುವ ದೇಶದಲ್ಲಿ 80,000ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ನೂರಾರು ಆರೋಪಿಗಳನ್ನು ಒಟ್ಟಿಗೆ ನಿಲ್ಲಿಸಿ ವಿಚಾರಣೆ ನಡೆಸಲು ಕಾನೂನು ತಿದ್ದಿದರು. ಸುಮಾರು 8,000 ಮಂದಿಯನ್ನು ಬಿಡುಗಡೆ ಮಾಡಬೇಕಾಯಿತೆಂದು ಸರ್ಕಾರವೇ ಒಪ್ಪಿಕೊಂಡಿದೆ. ಆ 8,000 ಮನೆಗಳಲ್ಲಿ ದುಡಿಯುವ ಕೈ ತಿಂಗಳುಗಟ್ಟಲೆ ಇಲ್ಲವಾಗಿದ್ದನ್ನು ಯಾವ ಅಪರಾಧ ಪಟ್ಟಿಯಲ್ಲಿ ಬರೆಯುವುದು? ತಿಂಗಳಿಗೊಮ್ಮೆ ವಿಸ್ತರಿಸುತ್ತಾ ಬಂದ ತುರ್ತುಸ್ಥಿತಿ ವರ್ಷಗಳೇ ಕಳೆದರೂ ಮುಗಿದಿಲ್ಲ.

ಇನ್ನು ನಕಲು ಮಾಡಿದವರ ಕಥೆ. ಹೊಂಡುರಾಸ್ 2022ರ ಡಿಸೆಂಬರ್‌ನಿಂದ ತುರ್ತುಸ್ಥಿತಿ ಹೇರಿತು, ಅಲ್ಲಿ ಅಂಥ ಪವಾಡ ನಡೆಯಲಿಲ್ಲ. ಈಕ್ವೆಡಾರ್ 2024ರ ಜನವರಿಯಲ್ಲಿ ಗ್ಯಾಂಗುಗಳ ಮೇಲೆ ಸೇನೆ ಬಿಟ್ಟಿತು, ಆ ವರ್ಷ ಕೊಲೆಗಳು ಕೊಂಚ ಇಳಿದವು, ಮರುವರ್ಷ ಮತ್ತೆ ಏರಿದವು. ಎಲ್ ಸಾಲ್ವಡೋರ್ ಚಿಕ್ಕ ದೇಶ, ಅಲ್ಲಿನ ಗ್ಯಾಂಗುಗಳು ಸ್ಥಳೀಯ ವಸೂಲಿಯಿಂದ ಬದುಕುತ್ತಿದ್ದವು, ಸದಸ್ಯರು ಯಾರೆಂಬುದು ಊರಿಗೇ ಗೊತ್ತಿತ್ತು. ಬಂದರುಗಳ ಮೂಲಕ ಕೊಕೇನ್ ಸಾಗಿಸುವ ಅಂತರರಾಷ್ಟ್ರೀಯ ಜಾಲಗಳು ಹಾಗಲ್ಲ.

ಮರಣದಂಡನೆ ಕೊಲೆಗಳನ್ನು ತಡೆಯುತ್ತದೆಯೇ?

ತಡೆಯುತ್ತದೆ ಎಂದು ತೋರಿಸಲು ಯಾರಿಗೂ ಸಾಧ್ಯವಾಗಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಮೂರು ದಶಕಗಳ ಅಧ್ಯಯನಗಳನ್ನು ಪರಿಶೀಲಿಸಿ, ಅವುಗಳಿಂದ ಹೆಚ್ಚು, ಕಡಿಮೆ, ಯಥಾಸ್ಥಿತಿ ಯಾವುದನ್ನೂ ತೀರ್ಮಾನಿಸಲಾಗದು, ನೀತಿ ರೂಪಿಸಲು ಅವುಗಳನ್ನು ಬಳಸಲೇಬಾರದು ಎಂದಿತು. ಕೆನಡಾ 1976ರಲ್ಲಿ ಅದನ್ನು ರದ್ದು ಮಾಡಿದ ಮೇಲೆ ಕೊಲೆ ಪ್ರಮಾಣ ಏರಲಿಲ್ಲ, ಕಾಲಕ್ರಮೇಣ ಇಳಿಯಿತು. ಸಿಂಗಾಪುರ ಗಲ್ಲಿಗೇರಿಸುತ್ತದೆ, ಹಾಂಗ್‌ಕಾಂಗ್ 1966ರ ನಂತರ ಯಾರನ್ನೂ ಗಲ್ಲಿಗೇರಿಸಿಲ್ಲ. ಎರಡು ನಗರಗಳ ಕೊಲೆ ಪ್ರಮಾಣವನ್ನು ಮೂರೂವರೆ ದಶಕ ಹೋಲಿಸಿದವರಿಗೆ ರೇಖೆಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಸಾಗಿದ್ದು ಕಂಡಿತು.

ನ್ಯಾಯಾಲಯವೇ ಬೇಡ, ಸ್ಥಳದಲ್ಲೇ ಗುಂಡಿಕ್ಕಿದರೆ?

ಫಿಲಿಪ್ಪೀನ್ಸ್ 2016ರಿಂದ ಮಾದಕವಸ್ತುಗಳ ವಿರುದ್ಧ ಈ ದಾರಿ ಹಿಡಿಯಿತು. ಸರ್ಕಾರದ ಲೆಕ್ಕದಲ್ಲೇ ಪೊಲೀಸ್ ಕಾರ್ಯಾಚರಣೆಗಳಲ್ಲಿ 6,000ಕ್ಕೂ ಹೆಚ್ಚು ಜನ ಸತ್ತರು. ಮಾದಕವಸ್ತು ಮಾಯವಾಗಲಿಲ್ಲ. ಆ ಅಭಿಯಾನ ನಡೆಸಿದ ಅಧ್ಯಕ್ಷ ರೊಡ್ರಿಗೊ ದುತೆರ್ತೆ ಅವರನ್ನು 2025ರ ಮಾರ್ಚ್‌ನಲ್ಲಿ ಬಂಧಿಸಿ ಹೇಗ್‌ನಲ್ಲಿರುವ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ಒಪ್ಪಿಸಲಾಯಿತು. ತನಿಖೆಯೇ ಇಲ್ಲದಿದ್ದರೆ ಸತ್ತವನು ತಪ್ಪಿತಸ್ಥನೇ ಎಂಬುದು ಎಂದೂ ಗೊತ್ತಾಗುವುದಿಲ್ಲ, ನಿಜವಾದ ತಪ್ಪಿತಸ್ಥ ನಿಶ್ಚಿಂತೆಯಿಂದ ಮಲಗುತ್ತಾನೆ.

ಪೊಲೀಸರನ್ನು ಹೆಚ್ಚಿಸುವುದೂ ವ್ಯರ್ಥವೇ?

ಖಂಡಿತ ಅಲ್ಲ. ಆದರೆ ಅವರು ಎಲ್ಲಿ ನಿಲ್ಲುತ್ತಾರೆ, ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ ಒಂದು ಧೈರ್ಯದ ಪ್ರಯೋಗ ನಡೆಯಿತು. ಕೆಲವು ಪ್ರದೇಶಗಳಲ್ಲಿ ಗಸ್ತು ವಾಹನಗಳನ್ನು ಎರಡು ಮೂರು ಪಟ್ಟು ಹೆಚ್ಚಿಸಿದರು, ಕೆಲವು ಕಡೆ ಕರೆ ಬಂದರೆ ಮಾತ್ರ ಹೋದರು, ಉಳಿದೆಡೆ ಎಂದಿನಂತೆ ಬಿಟ್ಟರು. ಅಪರಾಧದಲ್ಲಿ ವ್ಯತ್ಯಾಸ ಕಾಣಲಿಲ್ಲ, ನಿವಾಸಿಗಳಿಗೆ ಗಸ್ತು ಬದಲಾದದ್ದೇ ತಿಳಿಯಲಿಲ್ಲ. ಸುಮ್ಮನೆ ಊರು ಸುತ್ತುವ ಜೀಪು ಯಾರನ್ನೂ ಹೆದರಿಸುವುದಿಲ್ಲ.

ಅದೇ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಪೊಲೀಸ್ ಕರೆಗಳ ಲೆಕ್ಕ ತೆಗೆದಾಗ ಸುಮಾರು ಶೇ 3ರಷ್ಟು ವಿಳಾಸಗಳಿಂದಲೇ ಅರ್ಧದಷ್ಟು ಕರೆಗಳು ಬರುತ್ತಿದ್ದುದು ಗೊತ್ತಾಯಿತು. ಅಂಥ ಜಾಗಗಳಲ್ಲಿ ಪೊಲೀಸರು ಕಣ್ಣಿಗೆ ಬೀಳುವಂತೆ ಇದ್ದರೆ ಅಪರಾಧ ಇಳಿಯುತ್ತದೆ, ಬಹುಪಾಲು ಪಕ್ಕದ ಬೀದಿಗೆ ಜಾರುವುದೂ ಇಲ್ಲ. 1994ರ ಜುಲೈನಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಯಹೂದಿ ಕೇಂದ್ರದ ಮೇಲೆ ಬಾಂಬ್ ದಾಳಿಯಾದ ನಂತರ ಅಲ್ಲಿನ ಯಹೂದಿ ಸಂಸ್ಥೆಗಳಿಗೆಲ್ಲ ಹಗಲಿರುಳು ಕಾವಲು ಹಾಕಿದರು. ಕಾವಲಿದ್ದ ಬೀದಿಭಾಗಗಳಲ್ಲಿ ಕಾರು ಕಳ್ಳತನ ಸುಮಾರು ಶೇ 75ರಷ್ಟು ಇಳಿಯಿತು.

ಎಲ್ಲರನ್ನೂ ತಡೆದು ಜೇಬು ತಡಕುವುದು ಬೇರೆ ಮಾತು. ನ್ಯೂಯಾರ್ಕ್ ಪೊಲೀಸರು 2011ರಲ್ಲಿ 6,85,000ಕ್ಕೂ ಹೆಚ್ಚು ಬಾರಿ ಜನರನ್ನು ತಡೆದರು. ಹತ್ತರಲ್ಲಿ ಒಂಬತ್ತರ ಹತ್ತಿರ ಪ್ರಕರಣಗಳಲ್ಲಿ ಬಂಧನವೂ ಇಲ್ಲ, ನೋಟಿಸೂ ಇಲ್ಲ. 2013ರಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ಸಂವಿಧಾನಬಾಹಿರ ಎಂದಿತು, ತಪಾಸಣೆಗಳು ಕುಸಿದವು. ಮುಂದಿನ ವರ್ಷಗಳಲ್ಲಿ ಅಪರಾಧ ಇಳಿಯುತ್ತಲೇ ಹೋಯಿತು.

ಹದಿನಾರರ ಹುಡುಗ ಕೊಲೆ ಮಾಡಿದರೆ ವಯಸ್ಕನಂತೆಯೇ ಶಿಕ್ಷಿಸಬೇಕಲ್ಲವೇ?

ಆ ಒಂದು ಪ್ರಕರಣದ ಬಗ್ಗೆ ನಿಮಗಿರುವ ನೋವು ನನಗೂ ಇದೆ. ಆದರೆ ನೀತಿಯ ಫಲವನ್ನು ಎಲ್ಲ ಪ್ರಕರಣಗಳಲ್ಲೂ ನೋಡಬೇಕು. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಕಾರ್ಯಪಡೆ 2007ರಲ್ಲಿ ಕಂಡುಕೊಂಡಂತೆ, ವಯಸ್ಕರ ನ್ಯಾಯಾಲಯಕ್ಕೆ ಹೋದ ಹುಡುಗರು ಬಾಲನ್ಯಾಯ ವ್ಯವಸ್ಥೆಯಲ್ಲೇ ಉಳಿದ ಹುಡುಗರಿಗಿಂತ ಮುಂದೆ ಹೆಚ್ಚು ಹಿಂಸೆಗೆ ಇಳಿದರು. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೆದರಿಸಿ 'ನೆಟ್ಟಗೆ ಮಾಡುವ' ಕಾರ್ಯಕ್ರಮಗಳೂ ಪರೀಕ್ಷೆಯಲ್ಲಿ ಸೋತವು. ಹಾಗೆ ಹೆದರಿಸಿಕೊಂಡ ಹುಡುಗರು ಉಳಿದವರಿಗಿಂತ ಹೆಚ್ಚು ಅಪರಾಧ ಮಾಡಿದರು.

ಜೈಲು ಮನುಷ್ಯನನ್ನು ತಿದ್ದುತ್ತದೆಯೋ, ಕೆಡಿಸುತ್ತದೆಯೋ?

ಎಂಥ ಜೈಲು ಎಂಬುದರ ಮೇಲೆ ಹೋಗುತ್ತದೆ. ಅಮೆರಿಕದ 30 ರಾಜ್ಯಗಳಲ್ಲಿ 2005ರಲ್ಲಿ ಬಿಡುಗಡೆಯಾದವರ ಪೈಕಿ ಶೇ 68ರಷ್ಟು ಮಂದಿ ಮೂರು ವರ್ಷದೊಳಗೆ ಮತ್ತೆ ಬಂಧಿತರಾದರು. ನಾರ್ವೆಯಲ್ಲಿ ಎರಡು ವರ್ಷದೊಳಗೆ ಮತ್ತೆ ಶಿಕ್ಷೆಗೊಳಗಾಗುವವರು ಸುಮಾರು ಶೇ 20. ಇವೆರಡನ್ನು ಪಕ್ಕಪಕ್ಕ ಇಟ್ಟು ಅಚ್ಚರಿಪಡುವುದು ರೂಢಿ, ಅದು ಸರಿಯಲ್ಲ: ಒಂದು ಬಂಧನದ ಲೆಕ್ಕ, ಇನ್ನೊಂದು ಶಿಕ್ಷೆಯ ಲೆಕ್ಕ, ಅವಧಿಯೂ ಬೇರೆ. ಇದಕ್ಕಿಂತ ಗಟ್ಟಿ ಪುರಾವೆ ನಾರ್ವೆಯೊಳಗಿನ ಒಂದು ಅಧ್ಯಯನದ್ದು. ಯಾರಿಗೆ ಕಠಿಣ ನ್ಯಾಯಾಧೀಶರು ಸಿಕ್ಕರು, ಯಾರಿಗೆ ಮೃದು ಸ್ವಭಾವದವರು ಸಿಕ್ಕರು ಎಂಬ ಆಕಸ್ಮಿಕವನ್ನು ಬಳಸಿ ನೋಡಿದಾಗ, ಅಲ್ಲಿ ಜೈಲಿಗೆ ಹೋದವರೇ ಮುಂದೆ ಕಡಿಮೆ ಅಪರಾಧ ಮಾಡಿದರು. ಈ ಲಾಭ ಸಿಕ್ಕಿದ್ದು ಮುಖ್ಯವಾಗಿ ಮೊದಲು ಕೆಲಸವಿಲ್ಲದಿದ್ದವರಿಗೆ. ಜೈಲಿನಲ್ಲಿ ತರಬೇತಿ ಪಡೆದು ಹೊರಬಂದು ದುಡಿಯತೊಡಗಿದವರು ಅವರು. ಜೈಲು ಬೇಡ ಎನ್ನುವವರಿಗೂ ಜೈಲು ನರಕವಾಗಲಿ ಎನ್ನುವವರಿಗೂ ಈ ಫಲಿತಾಂಶ ಹಿಡಿಸುವುದಿಲ್ಲ.

ಇದೆಲ್ಲ ಅಪರಾಧಿಗಳ ಪರ ವಾದ. ನೊಂದವರ ಗತಿ ಏನು?

ನೊಂದವರ ಕಡೆಯಿಂದಲೇ ನೋಡೋಣ. ಅಮೆರಿಕದಲ್ಲಿ 1960ರ ದಶಕದ ಆರಂಭದಲ್ಲಿ ಹತ್ತು ಕೊಲೆಗಳಲ್ಲಿ ಒಂಬತ್ತನ್ನು ಪೊಲೀಸರು ಪತ್ತೆಹಚ್ಚುತ್ತಿದ್ದರು. 2022ರ ಹೊತ್ತಿಗೆ ಅದು ಅರ್ಧದ ಆಸುಪಾಸಿಗೆ ಬಂದಿತ್ತು. ನಡುವಿನ ಅರ್ಧ ಶತಮಾನದಲ್ಲಿ ಶಿಕ್ಷೆಗಳು ಉದ್ದವಾಗುತ್ತಲೇ ಹೋದವು. ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ಯಾರೆಂದೇ ಗೊತ್ತಾಗದಿದ್ದರೆ, ಕಾನೂನು ಪುಸ್ತಕದಲ್ಲಿ ಜೀವಾವಧಿ ಇದ್ದರೇನು, ಗಲ್ಲಿದ್ದರೇನು? ಅವನು ಇನ್ನೂ ಅದೇ ಬೀದಿಯಲ್ಲಿ ಓಡಾಡುತ್ತಿರುತ್ತಾನೆ. ದೂರು ಕೊಡಲು ಹೋದ ಹೆಣ್ಣುಮಗಳನ್ನು ಗಂಟೆಗಟ್ಟಲೆ ಕಾಯಿಸಿ ವಾಪಸ್ ಕಳುಹಿಸಿದರೆ, ಕಳುಹಿಸಿದ ಆ ಕ್ಷಣದಲ್ಲೇ ಕಠಿಣ ಕಾನೂನು ಸತ್ತಿತು. ನನಗೆ ಸಿಟ್ಟು ಬರುವುದು ಇಲ್ಲಿ. ಶಿಕ್ಷೆಯ ವರ್ಷಗಳನ್ನು ಏರಿಸಿ ನ್ಯಾಯ ಕೊಟ್ಟೆವೆಂದು ಬೀಗುವವರು ಪತ್ತೆಯಾಗದ ಪ್ರಕರಣಗಳ ಕಡತವನ್ನು ಯಾರಿಗೂ ತೋರಿಸುವುದಿಲ್ಲ.

ಗಂಭೀರ ಅಪರಾಧಕ್ಕೆ ಗಂಭೀರ ಶಿಕ್ಷೆ ಇರಬೇಕು, ಏಕೆಂದರೆ ಅದು ನ್ಯಾಯ. ಅದರಿಂದ ಅಪರಾಧ ಇಳಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಕೊಡಬಾರದು.

ಹಾಗಾದರೆ ಯಾವುದು ಫಲ ಕೊಟ್ಟಿದೆ?

ಬಾಸ್ಟನ್ 1996ರಲ್ಲಿ ಯುವಕರ ಗುಂಪುಗಳನ್ನು ನೇರವಾಗಿ ಕರೆಸಿ ಎರಡು ಮಾತು ಹೇಳಿತು: ಗುಂಡು ಹಾರಿಸಿದರೆ ಇಡೀ ಗುಂಪಿನ ಮೇಲೆ ತಕ್ಷಣ ಕ್ರಮ, ಬಿಡಲು ಮನಸ್ಸಿದ್ದರೆ ಕೆಲಸಕ್ಕೂ ಓದಿಗೂ ನೆರವು. ಯುವಕರ ಕೊಲೆಗಳು ಶೇ 63ರಷ್ಟು ಇಳಿದವು. ಶಿಕಾಗೊದಲ್ಲಿ ಹಿಂಸೆ ಹೆಚ್ಚಿದ್ದ ಬಡಾವಣೆಗಳ ಹುಡುಗ ಹುಡುಗಿಯರಿಗೆ ಬೇಸಿಗೆಯಲ್ಲಿ ಎಂಟು ವಾರ ಕೆಲಸ ಕೊಟ್ಟಾಗ, ಮುಂದಿನ 16 ತಿಂಗಳಲ್ಲಿ ಹಿಂಸಾತ್ಮಕ ಅಪರಾಧಕ್ಕಾಗಿ ಅವರ ಬಂಧನ ಶೇ 43ರಷ್ಟು ಕಡಿಮೆಯಾಯಿತು. ನ್ಯೂಯಾರ್ಕ್‌ನ ಸಾರ್ವಜನಿಕ ವಸತಿ ಸಮುಚ್ಚಯಗಳಲ್ಲಿ ಪ್ರಖರ ದೀಪ ಹಾಕಿದಾಗ ರಾತ್ರಿ ಹೊರಾಂಗಣದ ಗಂಭೀರ ಅಪರಾಧ ಶೇ 36ರಷ್ಟು ಇಳಿಯಿತು. ಕೀಲಿಯಿಲ್ಲದೆ ಎಂಜಿನ್ ಚಾಲೂ ಆಗದಂತೆ ಮಾಡುವ ಸಾಧನ ಯುರೋಪಿನ ಹೊಸ ಕಾರುಗಳಿಗೆ 1998ರಿಂದ ಕಡ್ಡಾಯವಾದ ಮೇಲೆ ಕಾರು ಕಳ್ಳರ ಕೆಲಸವೇ ಕಷ್ಟವಾಯಿತು.

ನಾನು ಮೆಚ್ಚಿಕೊಂಡಿದ್ದ ಒಂದು ಪ್ರಯೋಗ ಮಾತ್ರ ನಿರಾಸೆ ಮಾಡಿತು. ಹವಾಯಿಯಲ್ಲಿ 2004ರಿಂದ, ಜೈಲಿನ ಹೊರಗೆ ಮೇಲ್ವಿಚಾರಣೆಯಲ್ಲಿದ್ದವರು ಷರತ್ತು ಮುರಿದರೆ ಕೂಡಲೇ ಒಂದೆರಡು ದಿನದ ಸಣ್ಣ ಸೆರೆವಾಸ ಕೊಡುವ ಪದ್ಧತಿ ಬಂತು. ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು. ಬೇರೆ ನಾಲ್ಕು ಕಡೆ ಅದನ್ನೇ ಪರೀಕ್ಷಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತಡವಿಲ್ಲದ, ಖಚಿತ ಶಿಕ್ಷೆಯೂ ಎಲ್ಲ ಕಡೆ ತಾನಾಗಿಯೇ ಕೆಲಸ ಮಾಡುವುದಿಲ್ಲ.

ಹೊಸ ಕಾನೂನು ಬಂದ ಮೇಲೆ 'ಅಪರಾಧ ಇಳಿಯಿತು' ಎಂಬ ಹೇಳಿಕೆಯನ್ನು ನಂಬುವುದು ಹೇಗೆ?

ಮೊದಲು, ಕಾನೂನು ಬರುವ ಹಿಂದಿನ ಹತ್ತು ವರ್ಷದ ರೇಖೆಯನ್ನು ನೋಡಿ. ಕಠಿಣ ಕಾನೂನು ಹುಟ್ಟುವುದು ಅಪರಾಧ ಮಿತಿಮೀರಿದ ವರ್ಷದಲ್ಲಿ. ಅಂಥ ವರ್ಷದ ನಂತರ ಏನೂ ಮಾಡದಿದ್ದರೂ ಸಾಮಾನ್ಯವಾಗಿ ಇಳಿಕೆ ಇರುತ್ತದೆ. ಆ ಕಾನೂನು ಇಲ್ಲದ ನೆರೆಯ ಪ್ರದೇಶದಲ್ಲೂ ಇಳಿಯಿತೇ ಎಂದು ನೋಡಿ. ಕೊಲೆಯ ಅಂಕಿಯನ್ನು ಹೆಚ್ಚು ನಂಬಿ, ಹೆಣವನ್ನು ಮುಚ್ಚಿಡುವುದು ಕಷ್ಟ. ಲೈಂಗಿಕ ದೌರ್ಜನ್ಯ, ಕಳ್ಳತನಗಳಲ್ಲಿ ದೂರುಗಳ ಸಂಖ್ಯೆ ಇಳಿದರೆ ಅಪರಾಧವೇ ಇಳಿದಿರಬಹುದು, ಠಾಣೆಯ ಮೇಲಿನ ನಂಬಿಕೆಯೂ ಇಳಿದಿರಬಹುದು. ದೂರುಗಳು ಏರಿದ್ದರೆ ಜನ ಧೈರ್ಯವಾಗಿ ಮುಂದೆ ಬರುತ್ತಿರುವ ಲಕ್ಷಣವೂ ಆಗಿರಬಹುದು. ಕೊನೆಗೆ, ದಾಖಲಾದ ಪ್ರಕರಣಗಳಲ್ಲಿ ಎಷ್ಟು ಪತ್ತೆಯಾದವು, ಪತ್ತೆಯಾದವುಗಳಲ್ಲಿ ಎಷ್ಟಕ್ಕೆ ಶಿಕ್ಷೆಯಾಯಿತು, ದೂರಿನಿಂದ ತೀರ್ಪಿನವರೆಗೆ ಎಷ್ಟು ವರ್ಷ ಹಿಡಿಯಿತು ಎಂದು ಕೇಳಿ. ಈ ಮೂರು ಅಂಕಿಗಳು ಭಾಷಣದಲ್ಲಿ ಇಲ್ಲದಿದ್ದರೆ, ಭಾಷಣ ಮಾಡಿದವರಿಗೇ ಕಾಗದ ಬರೆದು ಕೇಳಿ.